ಮೂವತ್ತೊಂದನೇ ಗುಳಿಯ ನಾಣ್ಯ

ಸೋಮವಾರ, ಇಪ್ಪತ್ತಮೂರನೇ ತಾರೀಕು, ಬೆಳಿಗ್ಗೆ ಹತ್ತು ನಲವತ್ತಕ್ಕೆ ವಸ್ತುಸಂಗ್ರಹಾಲಯದಿಂದ ಠಾಣೆಗೆ ದೂರು ಬಂತು. ದೂರು ಹೊತ್ತು ತಂದವರು ಇಬ್ಬರು. ಒಬ್ಬರು ಅಲ್ಲಿಯ ನಿರ್ದೇಶಕರು, ಇನ್ನೊಬ್ಬರು ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಕ್ಯುರೇಟರ್, ಮೂವತ್ತು ದಾಟಿದ ಹೆಣ್ಣುಮಗಳು. ಒಂದೇ ಕಾರಿನಲ್ಲಿ ಬಂದಿದ್ದರೂ ಇಬ್ಬರ ಮಾತು ಎರಡು ದಿಕ್ಕಿಗೆ ಎಳೆಯುತ್ತಿತ್ತು. ನಾಣ್ಯ ಕಳುವಾಗಿದೆ ಎಂದರು ಕ್ಯುರೇಟರ್. ಎಣಿಸಿದರೆ ಎಲ್ಲ ಸರಿಯಾಗಿದೆ, ಸುಮ್ಮನೆ ಹಟ ಹಿಡಿದಿದ್ದಾರೆ ಎಂದರು ನಿರ್ದೇಶಕರು.

ಇನ್‌ಸ್ಪೆಕ್ಟರ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೊಲೆಯಾದರೆ ಹೆಣ ಇರುತ್ತದೆ, ಕಳವಾದರೆ ಖಾಲಿ ಜಾಗ ಇರುತ್ತದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ನಂಬಿಕೊಂಡು ಬಂದದ್ದು ಇಷ್ಟೇ.

"ನಾಣ್ಯದ ತಟ್ಟೆಯಲ್ಲಿ ಎಷ್ಟಿದ್ದವು?"

"ನಲವತ್ತೆಂಟು," ಎಂದರು ಕ್ಯುರೇಟರ್.

"ಈಗ?"

"ನಲವತ್ತೆಂಟು."

"ಮತ್ತೆ ಏನಮ್ಮ ಕಳುವಾಗಿದ್ದು?"

"ಒಂದು ನಾಣ್ಯ ಸಾರ್. ತೆಗೆದವರು ಅದರ ಜಾಗಕ್ಕೆ ಬೇರೆದು ಇಟ್ಟು ಹೋಗಿದ್ದಾರೆ."

ಪಕ್ಕದ ಮೇಜಿನ ರೈಟರ್ ಪೆನ್ನು ಮುಚ್ಚಿ ಕೆಳಗಿಟ್ಟ. ಕಳ್ಳ ಏನನ್ನೋ ಒಯ್ಯುವುದು ಅವನಿಗೆ ಗೊತ್ತಿತ್ತು, ತಂದಿಟ್ಟು ಹೋಗುವುದನ್ನು ಅವನು ಈವರೆಗೆ ಬರೆದಿರಲಿಲ್ಲ.

ಕಳುವಾದದ್ದು ಎರಡು ಸಾವಿರ ವರ್ಷದಷ್ಟು ಹಳೆಯ ರೋಮನ್ ಕಂಚಿನ ನಾಣ್ಯ. ಮೂರನೇ ತಟ್ಟೆ, ನಾಣ್ಯ ಕೂರಿಸುವ ಮೂವತ್ತೊಂದನೇ ಗುಳಿ. ಅದರ ಮೇಲೆ ಒಥೊ ಎಂಬ ಚಕ್ರವರ್ತಿಯ ತಲೆ ಇದೆ, ಅವನು ಆಳಿದ್ದು ಬರೀ ಮೂರು ತಿಂಗಳು, ಅವನ ಕಂಚು ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ ಎಂದು ನಿರ್ದೇಶಕರು ಎದೆಯುಬ್ಬಿಸಿ ಹೇಳಿದರು. ಮೂವತ್ತು ವರ್ಷದ ಕೆಳಗೆ ಅದನ್ನು ಗುರುತಿಸಿದ್ದು ಅಲ್ಲಿ ಪಟ್ಟಿ ತಯಾರಿಸುತ್ತಿದ್ದ ಅಧಿಕಾರಿ. ಕಾಲೇಜು ಮಕ್ಕಳಿಗೆ ನಾಣ್ಯದ ಪಾಠ ಹೇಳುತ್ತಿದ್ದರಿಂದ ಎಲ್ಲರ ಬಾಯಲ್ಲಿ ಅವರು ಮೇಷ್ಟ್ರು. ನಿವೃತ್ತರಾಗಿ ಒಂಬತ್ತು ವರ್ಷವಾಗಿದೆ. ಶುಕ್ರವಾರ ದೊಡ್ಡ ಪ್ರದರ್ಶನ ಶುರುವಾಗುತ್ತದೆ, ಮಧ್ಯದ ಗಾಜಿನ ಪೆಟ್ಟಿಗೆ ಆ ನಾಣ್ಯಕ್ಕೇ ಎಂದು ಮೀಸಲಾಗಿದೆ. ಮೇಷ್ಟ್ರಿಗೆ ಅದೇ ವೇದಿಕೆಯಲ್ಲಿ ಸನ್ಮಾನ.

"ಇಷ್ಟೆಲ್ಲ ಇದ್ದೂ ಕಳುವಾಗಿಲ್ಲ ಅಂತೀರಲ್ಲ ನೀವು?" ಎಂದು ಇನ್‌ಸ್ಪೆಕ್ಟರ್ ನಿರ್ದೇಶಕರನ್ನು ಕೇಳಿದರು.

ಆಗಿದ್ದರೆ ಅದು ನೆಲಮಾಳಿಗೆಯ ಕೀಲಿ ಕಾಯುವ ಹೆಂಗಸಿನ ಕೆಲಸ, ಬೇರೆಯವರದ್ದಾಗಲು ಸಾಧ್ಯವಿಲ್ಲ ಎಂದು ನಿರ್ದೇಶಕರು ಆ ಕ್ಷಣದಲ್ಲೇ ಮಗ್ಗುಲು ಬದಲಿಸಿದರು. ಗುರುವಾರ ಸಂಜೆ ನಾಲ್ಕಕ್ಕೆ ಆಡಳಿತ ಸಮಿತಿ ಸೇರುತ್ತದೆ. ಅಷ್ಟರೊಳಗೆ ಪೊಲೀಸರು ಏನೂ ಹೇಳದಿದ್ದರೆ ಅವಳನ್ನು ವಜಾ ಮಾಡುವ ಪತ್ರ ಸಿದ್ಧವಾಗಿದೆ.

ಹನ್ನೊಂದು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಕಳವು, ಆರೋಪಿ ಅಪರಿಚಿತ.

ಹನ್ನೆರಡೂ ಕಾಲಿಗೆ ಇನ್‌ಸ್ಪೆಕ್ಟರ್, ರೈಟರ್, ಒಬ್ಬಳು ಮಹಿಳಾ ಕಾನ್‌ಸ್ಟೆಬಲ್ ಮತ್ತು ಇಬ್ಬರು ಪಂಚರು ಸಂಗ್ರಹಾಲಯದ ನೆಲಮಾಳಿಗೆಗೆ ಇಳಿದರು. ಕಿಟಕಿಯಿಲ್ಲದ ಕೋಣೆ. ಗಾಳಿಯ ತೇವ ಹೀರುವ ಯಂತ್ರವೊಂದು ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಎರಡು ಕಬ್ಬಿಣದ ಬೀರು, ಉದ್ದದ ಮೇಜು, ಕತ್ತು ಬಗ್ಗುವ ದೀಪ, ಔಷಧದಂಗಡಿಯಲ್ಲಿರುವಂಥ ಸಣ್ಣ ತಕ್ಕಡಿ. ಬಾಗಿಲ ಪಕ್ಕ, ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡು ನಿಂತಿದ್ದವಳು ಕೀಲಿಯಮ್ಮ. ಇಪ್ಪತ್ತಾರು ವರ್ಷದಿಂದ ಅವಳದ್ದು ಅದೇ ಕೆಲಸ, ಹೆಸರೂ ಅದೇ ಆಗಿಹೋಗಿತ್ತು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು.

ಬೀರುವಿನ ಬೀಗ ಒಡೆದಿರಲಿಲ್ಲ. ಅದರೊಳಗಿನ ನಾಲ್ಕನೇ ತಟ್ಟೆಯಲ್ಲಿ ಚಿನ್ನದ ನಾಣ್ಯಗಳು ಹಾಗೇ ಹೊಳೆಯುತ್ತಿದ್ದವು. ಕಳ್ಳ ಅದನ್ನು ಮುಟ್ಟದೆ, ಅದರ ಮೇಲಿನ ತಟ್ಟೆಯಿಂದ ಒಂದು ಹಸಿರು ಬಿಲ್ಲೆ ತೆಗೆದಿದ್ದಾನೆ. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ನಲವತ್ತೆಂಟು ಗುಳಿಗಳಲ್ಲಿ ನಲವತ್ತೆಂಟು ಕರಿಹಸಿರು ಬಿಲ್ಲೆಗಳು. ಒಂದಕ್ಕೂ ಇನ್ನೊಂದಕ್ಕೂ ಅವರಿಗೆ ವ್ಯತ್ಯಾಸ ಕಾಣಲಿಲ್ಲ.

"ಇದು ಬೇರೆ ಅಂತ ಹೇಗೆ ಹೇಳ್ತೀರಿ?"

ಕ್ಯುರೇಟರ್ ಕೈಗವಸು ಹಾಕಿಕೊಂಡು ತಾಳ್ಮೆಯಿಂದ ಹೇಳಿಕೊಟ್ಟರು. ನಾಣ್ಯ ಕೈಗೆ ಬಂದ ಕೂಡಲೇ ಹೆಸರು ಹುಡುಕಬಾರದು. ಮೊದಲು ಅಳತೆ, ತೂಕ. ಆಮೇಲೆ ಲೋಹದ ಬಣ್ಣ. ಕಂಚು ಎಂದು ಕರೆದರೂ ಕೆಲವು ತಾಮ್ರದವು, ಕೆಂಪಗೆ; ಕೆಲವು ಹಿತ್ತಾಳೆಯವು, ಹಳದಿ. ಆಮೇಲೆ ತಲೆಯ ಮೇಲೇನಿದೆ ಎಂದು ನೋಡಬೇಕು. ಬರಿತಲೆಯೋ, ಎಲೆಯ ಮಾಲೆಯೋ, ಮುಳ್ಳುಮುಳ್ಳಾಗಿ ಸೂರ್ಯಕಿರಣದಂತೆ ನಿಂತ ಕಿರೀಟವೋ. ಕಿರಣದ ಕಿರೀಟ ಸಾಮಾನ್ಯವಾಗಿ ಎರಡರ ಬೆಲೆಯ ನಾಣ್ಯದ ಗುರುತು. ಬೆನ್ನಿನ ಮೇಲೆ ಯಾವ ಚಿತ್ರ, ಸುತ್ತ ಯಾವ ಅಕ್ಷರ ಉಳಿದಿವೆ, ಇವೆಲ್ಲ ಕೂಡಿ ಬಂದ ಮೇಲೆ ಕೊನೆಯಲ್ಲಿ ಹೆಸರು. ರಿಜಿಸ್ಟರಿನಲ್ಲಿ ಮೂವತ್ತೊಂದು ಎಂದರೆ ತಾಮ್ರ, ಬರಿತಲೆ, ತೂಕ ಹತ್ತು ಪಾಯಿಂಟ್ ಆರು ಗ್ರಾಂ. ಈಗ ಗುಳಿಯಲ್ಲಿರುವುದು ಹನ್ನೊಂದು ಪಾಯಿಂಟ್ ಮೂರು.

"ತಕ್ಕಡಿ ಹಳೇದು," ಎಂದರು ನಿರ್ದೇಶಕರು.

ಮಿಕ್ಕ ನಲವತ್ತೇಳಕ್ಕೂ ಅದೇ ತಕ್ಕಡಿ ಸರಿಯಾದ ತೂಕ ತೋರಿಸಿದೆ ಎಂದು ಕ್ಯುರೇಟರ್ ತಣ್ಣಗೆ ಉತ್ತರ ಕೊಟ್ಟರು.

ಇನ್‌ಸ್ಪೆಕ್ಟರ್ ಆ ಬಿಲ್ಲೆಯನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಸವೆದು ನುಣ್ಣಗಾಗಿತ್ತು. ತಲೆ ಎನ್ನುವುದೂ ಅವರಿಗೆ ಕಾಣಲಿಲ್ಲ, ಕಿರೀಟವಂತೂ ದೂರದ ಮಾತು. ಮಹಿಳಾ ಕಾನ್‌ಸ್ಟೆಬಲ್ ಪಕ್ಕದಿಂದ ಟಾರ್ಚನ್ನು ಅಡ್ಡಡ್ಡ ಹಿಡಿದಳು.

"ಸಾರ್, ಬೆಳಕು ಮೇಲಿಂದ ಬಿದ್ರೆ ಏನೂ ಕಾಣ್ಸಲ್ಲ. ಪಕ್ಕದಿಂದ ನೋಡಿ. ಬಾಚಣಿಗೆ ಹಲ್ಲಿನ ಥರ ನಾಲ್ಕು ಮುಳ್ಳಿವೆ."

ಇದ್ದವು. ಇನ್‌ಸ್ಪೆಕ್ಟರ್ ಕನ್ನಡಕ ಒರೆಸಿಕೊಂಡರು. ಹಾಗಾದರೆ ಇದು ಅದಲ್ಲ, ಅಷ್ಟು ಖಾತ್ರಿಯಾಯಿತು. ಆದರೆ ಚಿನ್ನ ಬಿಟ್ಟು ಇದನ್ನೇ ಯಾಕೆ? ತೆಗೆದ ಮೇಲೆ ಇಂಥದ್ದೊಂದನ್ನು ತಂದಿಟ್ಟಿದ್ದು ಯಾಕೆ? ಪಂಚನಾಮೆ ಬರೆದು, ಬದಲಿ ನಾಣ್ಯ ಮತ್ತು ಅದರಡಿಯ, ನಾಣ್ಯದ ವಿವರ ಬರೆದ ದುಂಡು ಚೀಟಿಯನ್ನು ಜಪ್ತಿ ಮಾಡಿ, ಬೇರೆ ಬೇರೆ ಲಕೋಟೆಗೆ ಹಾಕಿ ಮೊಹರು ಮಾಡುವ ಹೊತ್ತಿಗೆ ಎರಡು ಗಂಟೆಯಾಯಿತು.

ಕೀಲಿಯಮ್ಮನ ಹೇಳಿಕೆಯನ್ನು ಅಲ್ಲೇ ತೆಗೆದುಕೊಂಡರು. ಕೀಲಿ ಮನೆಗೆ ಒಯ್ಯುವುದಿಲ್ಲ, ಸಂಜೆ ಕಾವಲಿನವರ ಪೆಟ್ಟಿಗೆಗೆ ಹಾಕಿ ಸಹಿ ಮಾಡುತ್ತಾಳೆ. ಕೋಣೆ ತೆರೆದ, ಮುಚ್ಚಿದ ಹೊತ್ತನ್ನು ಪುಸ್ತಕದಲ್ಲಿ ಬರೆಯುತ್ತಾಳೆ. ಹೊರಗಿನವರು ಬಂದರೆ ಅದರಲ್ಲೇ ಹೆಸರು, ಸಮಯ, ಕೆಲಸ ಬರೆಸಿಕೊಳ್ಳುತ್ತಾಳೆ, ಅವರು ಹೋಗುವವರೆಗೆ ಕದಲುವುದಿಲ್ಲ.

"ನಾಣ್ಯ ನೀನೇ ತಗೊಂಡಿದ್ರೆ ಈಗಲೇ ಹೇಳ್ಬಿಡು ತಾಯಿ. ನನಗೂ ಸುಲಭ, ನಿನಗೂ ಸುಲಭ," ಎಂದರು ಇನ್‌ಸ್ಪೆಕ್ಟರ್.

"ನಾಲ್ಕು ತಿಂಗಳು ಮುಂಚೆ ಮನೆಗೆ ಕಳಿಸಿದ್ರೆ ಹೋಗ್ತೀನಿ ಸಾರ್. ಕಳ್ಳಿ ಅನ್ನಿಸಿಕೊಂಡು ಹೋಗಲ್ಲ," ಎಂದಳು ಅವಳು.

ಮಂಗಳವಾರ ಬೆಳಿಗ್ಗೆ ಪುಸ್ತಕದಲ್ಲಿದ್ದ ಹೊರಗಿನವರ ಹಿಂದೆ ಬಿದ್ದರು. ಎರಡು ತಿಂಗಳಲ್ಲಿ ಮೂವರು. ಫೋಟೋ ತೆಗೆಯಲು ಬಂದವನಿಗೆ ಮೂರನೇ ತಟ್ಟೆ ತೆರೆದೇ ಇರಲಿಲ್ಲ. ತೇವದ ಯಂತ್ರದ ಮೆಕ್ಯಾನಿಕ್ ಯಂತ್ರ ಬಿಟ್ಟು ಏನನ್ನೂ ನೋಡಿರಲಿಲ್ಲ, ಹಳೆಯ ನಾಣ್ಯ ಎಂದರೆ ಈಗ ಚಲಾವಣೆಯಾಗುತ್ತದೆಯೇ ಎಂದು ಅವನೇ ತಿರುಗಿ ಕೇಳಿದ. ಮೂರನೆಯವನು ಎಲೆಕ್ಟ್ರಿಷಿಯನ್, ಹದಿನಾಲ್ಕನೇ ತಾರೀಕು ಶನಿವಾರ ಬಂದಿದ್ದವನು. ಅವನು ನೆಲಮಾಳಿಗೆಗೆ ಇಳಿದೇ ಇರಲಿಲ್ಲ. ಪ್ರದರ್ಶನದ ದೀಪಗಳನ್ನು ಇಳಿಸಲು ಹಿಂಬಾಗಿಲು ತೆರೆಯಬೇಕಿತ್ತು, ಕೀಲಿಯಮ್ಮ ಬಂದು ತೆರೆದಳು, ಅಷ್ಟೂ ಪೆಟ್ಟಿಗೆ ಇಳಿಯುವವರೆಗೆ ಕಾಲು ಗಂಟೆ ನಿಂತಿದ್ದಳು ಎಂದ. ರೈಟರ್ ಬರೆದುಕೊಂಡ. ಆ ಹೇಳಿಕೆಯಲ್ಲಿ ಏನೋ ಇದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಪೇಟೆಯ ಹಳೆ ನಾಣ್ಯದ ಅಂಗಡಿಗೆ ಹೋದರು. ಗಡಿಯಾರದ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಎರಡು ಮೊಳ ಅಗಲದ ಗೂಡು. ಅಂಗಡಿಯವನು ಸದಾ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಪೇಟೆಯವರು ಭೂತಗನ್ನಡಿ ಎನ್ನುತ್ತಿದ್ದರು. ಕದ್ದ ನಾಣ್ಯ ಮಾರಲು ಯಾರಾದರೂ ಬಂದಿದ್ದರೇ ಎಂದು ಕೇಳಿದಾಗ ಅವನು ನಕ್ಕ.

"ಒಥೊ ಕಂಚಾ? ಅದನ್ನ ಯಾರೂ ಮಾರಕ್ಕೆ ತರಲ್ಲ ಸಾಹೇಬ್ರೆ. ತಂದ್ರೆ ನಾನು ಕೊಳ್ಳೋದೂ ಇಲ್ಲ."

"ಯಾಕೆ? ಬೇರೆಲ್ಲೂ ಇಲ್ಲ ಅಂತಾರಲ್ಲ."

"ಅದಕ್ಕೇ. ಚಿನ್ನ ಇದೆ, ಬೆಳ್ಳಿ ಇದೆ. ರೋಮಿನಲ್ಲಿ ಅವನ ಹೆಸರಲ್ಲಿ ಕಂಚು ಹೊಡೆದೇ ಇಲ್ಲ. ಎಲ್ಲ ಪುಸ್ತಕದಲ್ಲೂ ಬರೆದಿದೆ. ಇಲ್ಲದ ವಸ್ತುವಿಗೆ ಗಿರಾಕಿ ಎಲ್ಲಿಂದ ಬರಬೇಕು?"

"ಹಾಗಾದ್ರೆ ಮೂವತ್ತು ವರ್ಷದಿಂದ ಅಲ್ಲಿ ಇದ್ದದ್ದೇನಯ್ಯಾ?"

"ನನ್ನನ್ನ ಯಾರೂ ಕೇಳಲಿಲ್ಲ, ನಾನು ಯಾರಿಗೂ ಹೇಳಲಿಲ್ಲ," ಎಂದು ಭೂತಗನ್ನಡಿ ಮಸೂರ ತೆಗೆದು ಅಂಗಿಯ ತುದಿಗೆ ಒರೆಸಿದ. ಮೇಷ್ಟ್ರು ದೊಡ್ಡ ಮನುಷ್ಯರು, ಅವರ ಎದುರಿಗೆ ನಿಂತು ಇದು ಸುಳ್ಳು ಎನ್ನಲು ತನಗೆಲ್ಲಿಯ ಬಾಯಿ ಎಂದೂ ಸೇರಿಸಿದ.

ಜೀಪಿನಲ್ಲಿ ಕೂತ ಮೇಲೆ ಇನ್‌ಸ್ಪೆಕ್ಟರ್ ತಲೆ ಗಿರ್ ಎನ್ನುತ್ತಿತ್ತು. ಇಲ್ಲದ ನಾಣ್ಯವನ್ನು ಯಾರೋ ಕದ್ದಿದ್ದಾರೆ. ಕದ್ದದ್ದು ಮಾರಲು ಬರುವುದಿಲ್ಲ. ಅದರ ಜಾಗದಲ್ಲಿ ಓದಲು ಬಾರದ ಒಂದು ನಾಣ್ಯ ಕೂತಿದೆ. ಇದಕ್ಕೆಲ್ಲ ಒಬ್ಬ ಹೆಂಗಸು ಮನೆಗೆ ಹೋಗಬೇಕು. ಡ್ರೈವರ್ ಮೆಲ್ಲಗೆ ಓಡಿಸುತ್ತಿದ್ದಾನೆಂದು ಅವನಿಗೆ ಬೈದರು, ಜೋರಾಗಿ ಓಡಿಸಿದ್ದಕ್ಕೂ ಬೈದರು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಕ್ಯುರೇಟರನ್ನು ಠಾಣೆಗೆ ಕರೆಸಿದರು. ನಾಣ್ಯವೇ ಸುಳ್ಳಿರಬಹುದೆಂಬ ಮಾತನ್ನು ದೂರಿನಲ್ಲಿ ಮುಚ್ಚಿಟ್ಟದ್ದು ಯಾಕೆ ಎಂದು ಗದರಿದರು.

"ನೀವು ಕೇಳಿದ್ದು ಕಳವಿನ ವಿಷಯ. ನನ್ನದು ಬರೀ ಅನುಮಾನ ಸಾರ್," ಎಂದರು ಅವರು. ಚೀಲದಿಂದ ಹಳೆಯ ಕೈಪಿಡಿ ತೆಗೆದು, ಮುಖಪುಟದಲ್ಲಿದ್ದ ನಾಣ್ಯದ ಫೋಟೋ ತೋರಿಸಿದರು. ದಪ್ಪ ಕತ್ತಿನ ಬರಿತಲೆ. ಕತ್ತಿನ ತುದಿ ಮುಗಿಯುವಲ್ಲಿ ಸಾಸಿವೆಯಷ್ಟು ಸಣ್ಣದೊಂದು ಗುಂಡು.

"ಇದನ್ನ ಎಲ್ಲರೂ ಕಿಲುಬಿನ ಗಂಟು ಅಂದ್ಕೊಂಡಿದ್ದಾರೆ. ಆದರೆ ಈ ಗುಂಡು ರೋಮಿನ ಟಂಕಸಾಲೆಯದಲ್ಲ, ದೂರದ ಲುಗ್ಡುನಮ್ ಅನ್ನೋ ಊರಿನ ಟಂಕಸಾಲೆಯ ಗುರುತು. ಅಲ್ಲಿ ಒಥೊಗಿಂತ ಸ್ವಲ್ಪ ಮುಂಚೆ ಆಳಿದ ನೀರೊ ಚಕ್ರವರ್ತಿಗೆ ಇಂಥ ನಾಣ್ಯ ರಾಶಿರಾಶಿ ಹೊಡೆದರು. ಒಥೊಗೆ ಒಂದೂ ಇಲ್ಲ."

ಇಬ್ಬರ ಮುಖವೂ ದಪ್ಪ, ಕೂದಲ ಸಾಲೂ ಒಂದೇ ಥರ, ಇಬ್ಬರ ಹೆಸರಿಗೂ ಅವರ ಲಿಪಿಯಲ್ಲಿ ನಾಲ್ಕೇ ಅಕ್ಷರ, ಕೊನೆಯ ಅಕ್ಷರ ಇಬ್ಬರದೂ ಓ. ಸವೆದ ನಾಣ್ಯದಲ್ಲಿ ಒಬ್ಬನನ್ನು ಇನ್ನೊಬ್ಬ ಎಂದುಕೊಳ್ಳುವುದು ಸಾಧ್ಯ. ಆದರೆ ಫೋಟೋದಲ್ಲಿ ನಾಲ್ಕು ಅಕ್ಷರವೂ ಸ್ಪಷ್ಟವಾಗಿ ಒಥೊ ಎಂದೇ ಓದಿಸುತ್ತಿದ್ದವು. ಅದೇ ಅವರಿಗೆ ಬಿಡಿಸಲಾಗದ ಗಂಟಾಗಿತ್ತು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಬೇಕೆಂದು ಈ ತಿಂಗಳ ಹತ್ತಕ್ಕೆ ನಿರ್ದೇಶಕರಿಗೆ ಬರೆದಿದ್ದರು. ನೋಡಲು ಇಪ್ಪತ್ತಮೂರಕ್ಕೆ ತಟ್ಟೆ ತೆಗೆದರೆ ನಾಣ್ಯ ಬೇರೆಯಾಗಿತ್ತು.

"ನಿಮ್ಮ ಕೈಗೆ ಸಿಗಬಾರದು ಅಂತ ತೆಗೆದಿದ್ದಾರೆ," ಎಂದರು ಇನ್‌ಸ್ಪೆಕ್ಟರ್. ಅರ್ಧ ಗಂಟೆಯ ಹಿಂದೆ ಅವರಿಗೆ ಈ ಹೆಣ್ಣುಮಗಳ ಮೇಲೇ ಸಂಶಯವಿತ್ತು. ಈಗ ಅದು ನಿರ್ದೇಶಕರ ಮೇಲೆ ಹೋಗಿ ಕೂತಿತು. ಅಲ್ಲೂ ಗಟ್ಟಿಯಾಗಿ ನಿಲ್ಲಲಿಲ್ಲ. ಆ ಮನುಷ್ಯನಿಗೆ ಒಥೊ ಯಾರು, ನೀರೊ ಯಾರು ಎನ್ನುವುದು ಪೂರಾ ಗೊತ್ತಿರಲಿಲ್ಲ.

ಮಹಿಳಾ ಕಾನ್‌ಸ್ಟೆಬಲ್ ಜಪ್ತಿ ಮಾಡಿದ ಚೀಟಿಯನ್ನು, ಲಕೋಟೆಯ ಪಾರದರ್ಶಕ ಮುಖದಿಂದಲೇ, ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಮೇಡಂ, ಇದರ ಮೇಲಿರೋದು ಏನು ಕಲೆ?"

ಮೂವತ್ತು ವರ್ಷ ಒಂದೇ ಕಾಗದದ ಮೇಲೆ ಮಲಗಿದ ಕಂಚು ತನ್ನ ಅಂಚಿನ ಗುರುತನ್ನು ಅದರ ಮೇಲೆ ಬಿಡುತ್ತದೆ ಎಂದು ಕ್ಯುರೇಟರ್ ವಿವರಿಸಿದರು. ಆಗ ನಾಣ್ಯ ಕೈಯಲ್ಲಿ ಬಡಿದು ಮಾಡುತ್ತಿದ್ದದ್ದು, ಯಾವುದೂ ಪೂರಾ ದುಂಡಗಿರುವುದಿಲ್ಲ. ಎರಡು ನಾಣ್ಯದ ಅಂಚು ಒಂದೇ ಥರ ಇರುವುದಿಲ್ಲ. ಈ ಚೀಟಿಯ ಕಂದು ಉಂಗುರಕ್ಕೆ ಬದಲಿ ನಾಣ್ಯ ಹೊಂದುವುದಿಲ್ಲ, ಬೇಕಾದರೆ ಇಟ್ಟು ನೋಡಿ ಎಂದರು.

"ಹಾಗಾದ್ರೆ ಸಾರ್," ಎಂದಳು ಕಾನ್‌ಸ್ಟೆಬಲ್, "ಈ ಬದಲಿ ನಾಣ್ಯನೂ ಎಲ್ಲೋ ಒಂದು ಕಡೆ ಮಲಗಿತ್ತಲ್ಲ. ಅಲ್ಲಿ ಇದರ ಉಂಗುರ ಇರಬೇಕು."

ಇನ್‌ಸ್ಪೆಕ್ಟರ್ ಅವಳನ್ನೇ ಒಂದು ಕ್ಷಣ ನೋಡಿದರು. ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ಎರಡು ಟೀ ಹೇಳು, ಒಂದು ನಿನಗೆ ಎಂದರು.

ಆದರೆ ಹುಡುಕುವುದು ಯಾರ ಮನೆಯಲ್ಲಿ? ಮಧ್ಯಾಹ್ನ ಹೇಳಿಕೆಗಳನ್ನೆಲ್ಲ ಮತ್ತೆ ಓದಿದರು. ಎಲೆಕ್ಟ್ರಿಷಿಯನ್ನನ ಮಾತಿಗೆ ಬಂದಾಗ ಬೆರಳು ನಿಂತಿತು. ಹದಿನಾಲ್ಕರಂದು ಹಿಂಬಾಗಿಲಲ್ಲಿ ಕೀಲಿಯಮ್ಮ ಕಾಲು ಗಂಟೆ. ಅದೇ ದಿನ, ಅದೇ ಹೊತ್ತಿಗೆ ನೆಲಮಾಳಿಗೆಯ ಕೋಣೆ ತೆರೆದಿತ್ತೆಂದು ಅವಳದೇ ಕೈಬರಹ ಪುಸ್ತಕದಲ್ಲಿತ್ತು. ಇನ್‌ಸ್ಪೆಕ್ಟರ್ ನಾಲ್ಕು ಗಂಟೆಗೆ ನೇರವಾಗಿ ಅವಳ ಮುಂದೆ ಹೋಗಿ ನಿಂತರು.

"ಕೋಣೆ ತೆರೆದಿಟ್ಟು ಯಾಕೆ ಹೊರಗೆ ಬಂದೆ? ಕದಲಲ್ಲ ಅಂದಿದ್ದೆಯಲ್ಲ?"

"ಹೊರಗಿನವರು ಇದ್ದಾಗ ಕದಲಲ್ಲ ಸಾರ್."

"ಒಳಗೆ ಯಾರಿದ್ದರು ಹಾಗಾದ್ರೆ?"

"ಮೇಷ್ಟ್ರು. ಚೀಟಿಗಳನ್ನ ಒಂದ್ಸಲ ನೋಡ್ಕೊಡಿ ಅಂತ ನಿರ್ದೇಶಕರೇ ಕರೆಸಿದ್ದರು."

"ಪುಸ್ತಕದಲ್ಲಿ ಅವರ ಹೆಸರಿಲ್ಲ."

ಕೀಲಿಯಮ್ಮನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮೇಷ್ಟ್ರು ಹೊರಗಿನವರಾ ಸಾರ್? ಆ ಪುಸ್ತಕಕ್ಕೆ ಗೆರೆ ಹಾಕಿಕೊಟ್ಟಿದ್ದೇ ಅವರು. ಕೀಲಿ ಹೇಗೆ ಹಿಡೀಬೇಕು ಅಂತ ಕಲಿಸಿದ್ದೂ ಅವರೇ. ನನ್ನನ್ನ ತಂಗಿ ಅಂತ ಕರೀತಾರೆ."

ಅವಳು ಸುಳ್ಳು ಹೇಳಿರಲಿಲ್ಲ. ಯಾರು ಬಂದಿದ್ದರು ಎಂದು ಕೇಳಿದಾಗ ತಮ್ಮ ಮನೆಯವರನ್ನು ಯಾರು ಎಣಿಸುತ್ತಾರೆ? ಇನ್‌ಸ್ಪೆಕ್ಟರ್ ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಇದೂ ಅವರಿಗೆ ಸರಿಹೋಗಲಿಲ್ಲ. ಆ ನಾಣ್ಯದಿಂದ ಹೆಸರು ಬಂದದ್ದು ಮೇಷ್ಟ್ರಿಗೆ, ಶುಕ್ರವಾರ ಸನ್ಮಾನ ಆಗಬೇಕಾದದ್ದೂ ಅವರಿಗೇ. ತನ್ನ ಶಾಲು ತಾನೇ ಎಳೆದು ಹರಿಯುವವನು ಯಾರಿದ್ದಾನೆ?

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೇಷ್ಟ್ರ ಮನೆಗೆ ಹೋದರು. ನಾಣ್ಯ ಓದಿಕೊಡಬೇಕು, ತಜ್ಞರ ಅಭಿಪ್ರಾಯ ಬೇಕು ಎಂದು ಪತ್ರವನ್ನೂ ಒಯ್ದಿದ್ದರು. ಹೆಚ್ಚೇನೂ ಇಲ್ಲದ ಮೊದಲ ಮಹಡಿಯ ಮನೆ. ಬಾಗಿಲು ತೆರೆದ ಹೆಂಡತಿ, ನೋಡಿ ಯಾರು ಬಂದಿದ್ದಾರೆ, ಎರಡು ವಾರದಿಂದ ಊಟಕ್ಕೆ ಕರೆದರೂ ಮಸೂರ ಬಿಟ್ಟು ಏಳಲ್ಲ ಎಂದು ಗಂಡನ ಮೇಲೆ ದೂರು ಹೇಳುತ್ತಲೇ ಒಳಗೆ ಕರೆದೊಯ್ದರು. ಮೇಷ್ಟ್ರು ಸಣಕಲು ದೇಹದವರು, ಎಪ್ಪತ್ತರ ಹತ್ತಿರ. ಬೆರಳು ಮಾತ್ರ ಅಕ್ಕಸಾಲಿಗನದ್ದರಂತೆ ಸ್ಥಿರ.

ಇನ್‌ಸ್ಪೆಕ್ಟರ್ ಲಕೋಟೆಯನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

"ತುಂಬ ಸವೆದಿದೆ. ಇದನ್ನ ಯಾರೂ ಓದೋಕಾಗಲ್ಲ," ಎಂದರು. ಆಮೇಲೆ ಕೇಳಿದರು, "ತಂಗಿ ಹೇಗಿದ್ದಾಳೆ?"

"ಸಂಜೆ ನಾಲ್ಕಕ್ಕೆ ಸಮಿತಿ ಇದೆ. ಕೆಲಸದಿಂದ ತೆಗೀತಾರೆ. ಕಳ್ಳತನದ ಮೇಲೆ."

"ಅವಳನ್ನಾ? ಯಾಕೆ?"

"ಕೀಲಿ ಅವಳದಲ್ಲವಾ ಮೇಷ್ಟ್ರೇ."

ಮೇಷ್ಟ್ರು ಗೋಡೆ ನೋಡುತ್ತ ಕುಳಿತರು. ಗೋಡೆಗೆ ಒರಗಿದ್ದ ಚಿಕ್ಕ ಮರದ ಬೀರು ಅವರ ಸ್ವಂತ ಸಂಗ್ರಹದ್ದು. ನೋಡಬಹುದೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಬೇಡ ಎನ್ನುವರೆಂದುಕೊಂಡಿದ್ದರು, ಅವರೇ ಎದ್ದು ತಟ್ಟೆ ಎಳೆದು ಮೇಜಿನ ಮೇಲಿಟ್ಟರು. ಸಾಲಾಗಿ ನಾಣ್ಯಗಳು, ಒಂದೊಂದರ ಅಡಿಗೂ ದುಂಡು ಚೀಟಿ. ಎರಡನೇ ಸಾಲಿನಲ್ಲಿ ಒಂದು ಗುಳಿಯಲ್ಲಿ ಚೀಟಿ ಮಾತ್ರ ಇತ್ತು. ಅದರ ಮೇಲೆ ಕಂದು ಉಂಗುರ, ಒಂದು ಕಡೆ ಹಲ್ಲು ಮುರಿದಂತೆ ಒಳಕ್ಕೆ ಬಾಗಿತ್ತು.

ಮಹಿಳಾ ಕಾನ್‌ಸ್ಟೆಬಲ್ ಕೆಳಗೆ ಹೋಗಿ ಇಬ್ಬರು ಪಂಚರನ್ನು, ಎದುರಿನ ದರ್ಜಿಯನ್ನೂ ಪಕ್ಕದ ಮನೆಯ ಬ್ಯಾಂಕಿನವನನ್ನೂ, ಕರೆತಂದಳು. ಹನ್ನೊಂದು ಹತ್ತಕ್ಕೆ ಅವರೆದುರು ಲಕೋಟೆಯ ಮೊಹರು ಒಡೆದು, ಇನ್‌ಸ್ಪೆಕ್ಟರ್ ಬದಲಿ ನಾಣ್ಯವನ್ನು ಚೀಟಿಯ ಮೇಲಿಟ್ಟು ಮೆಲ್ಲಗೆ ತಿರುಗಿಸಿದರು. ಒಂದು ಕಡೆ ಬಂದಾಗ ಅಂಚಿಗೆ ಅಂಚು ಕೂಡಿತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಚೀಟಿ ಎತ್ತಿ ಬೆನ್ನು ನೋಡಿದರು. ಸಣ್ಣ, ನೇರ ಅಕ್ಷರ: ‘ಹದಿನಾಲ್ಕನೇ ತಾರೀಕು ಹೊರಗೆ ಹೋಗಿದೆ. ಈಗ ಇರುವುದು: ಸಂಗ್ರಹಾಲಯ, ತಟ್ಟೆ 3, ಗುಳಿ 31.’

ಇಪ್ಪತ್ತೆರಡು ವರ್ಷದಲ್ಲಿ ತನ್ನ ಕಳವನ್ನು ತಾನೇ ತಾರೀಕು ಸಮೇತ ದಾಖಲಿಸಿಟ್ಟ ಕಳ್ಳನನ್ನು ಇನ್‌ಸ್ಪೆಕ್ಟರ್ ಕಂಡಿರಲಿಲ್ಲ.

"ಇದನ್ನ ಯಾಕೆ ಬರೆದ್ರಿ ಮೇಷ್ಟ್ರೇ?"

"ನಾಣ್ಯ ಹೊರಗೆ ಹೋದ್ರೆ ಎಲ್ಲಿಗೆ ಹೋಯ್ತು ಅಂತ ಚೀಟಿ ಹೇಳಬೇಕು. ನಾನೇ ಮಾಡಿದ ನಿಯಮ. ಬರೆಯದೆ ಇರೋಕೆ ಆಗಲಿಲ್ಲ."

ಅವರ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಏನೂಂದ್ರೆ, ಇವರು ಏನು ಹೇಳ್ತಿದ್ದಾರೆ ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು ಜೇಬಿಗೆ ಕೈ ಹಾಕಿ ಒಂದು ಮಾತ್ರೆಯ ಡಬ್ಬಿ ತೆಗೆದರು. ಹತ್ತಿಯ ನಡುವೆ ಕರಿಹಸಿರು ಬಿಲ್ಲೆ. ಬರಿತಲೆ, ದಪ್ಪ ಕತ್ತು, ಕತ್ತಿನ ತುದಿಗೆ ಸಾಸಿವೆ ಗುಂಡು. ಈ ಸಲ ಇನ್‌ಸ್ಪೆಕ್ಟರ್‌ಗೆ ಟಾರ್ಚ್ ಬೇಕಾಗಲಿಲ್ಲ.

ಜಪ್ತಿ ಮಹಜರ್ ಮುಗಿದು ಹನ್ನೆರಡು ಐವತ್ತಕ್ಕೆ ಬಂಧನವಾಯಿತು. ಹೊರಡುವ ಮೊದಲು ಮೇಷ್ಟ್ರು ತಟ್ಟೆಯನ್ನು ಬೀರುವಿಗೆ ಸೇರಿಸಿ ಬಾಗಿಲು ಹಾಕಿದರು. ಇನ್‌ಸ್ಪೆಕ್ಟರ್ ತಡೆಯಲಿಲ್ಲ. ಜೀಪಿನಲ್ಲಿ ಕೂತ ಕೂಡಲೇ ನಿರ್ದೇಶಕರಿಗೆ ಫೋನ್ ಮಾಡಿ, ಆ ಪತ್ರ ಹರಿದು ಹಾಕಿ, ಹರಿದ ಚೂರನ್ನು ನಾನೇ ಬಂದು ನೋಡ್ತೀನಿ ಎಂದರು.

ಮಧ್ಯಾಹ್ನ ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಕೀಲಿಯಮ್ಮ ಬಂದಳು. ಕೆಲಸ ಉಳಿದ ಖುಷಿ ಅವಳ ಮುಖದಲ್ಲಿರಲಿಲ್ಲ. ಮೇಷ್ಟ್ರ ಎದುರು ನಿಂತು, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಣ್ಣಾ?" ಎಂದಳು. ಮೇಷ್ಟ್ರು ತಲೆ ಎತ್ತಲಿಲ್ಲ. ಅವಳು ಬಂದ ಹಾಗೇ ಹೋದಳು.

ಹೇಳಿಕೆಯಲ್ಲಿ ಅವರು ಏನನ್ನೂ ಮುಚ್ಚಲಿಲ್ಲ. ಮೂವತ್ತು ವರ್ಷದ ಕೆಳಗೆ ನಾಣ್ಯ ಕೈಗೆ ಬಂದಾಗ ಅದರ ಅಂಚಿನ ಅಕ್ಷರಗಳು ಮಣ್ಣು, ಕಿಲುಬಿನಲ್ಲಿ ಹೂತುಹೋಗಿದ್ದವು. ಮಸೂರ ಕಣ್ಣಿಗಿಟ್ಟು, ಸೂಜಿ ಹಿಡಿದು, ದಿನಕ್ಕೆ ಒಂದು ಅಕ್ಷರದಂತೆ ಬಿಡಿಸುತ್ತಾ ಹೋದರು. ಕೊನೆಯ ಓ ಮೊದಲು ಸಿಕ್ಕಿತು. ಆಗಲೇ ಮನಸ್ಸಿನಲ್ಲಿ ಒಥೊ ಎಂದು ಬಂದುಬಿಟ್ಟಿತ್ತು. ಮಿಕ್ಕ ಮೂರು ಅಕ್ಷರ ಒಂದೊಂದಾಗಿ ಸೂಜಿಯ ತುದಿಗೆ ಬಂದವು. ಹೆಸರು ಕೊನೆಗೆ ಹುಡುಕಬೇಕು ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವರು ತಾವು ಮಾತ್ರ ಹೆಸರನ್ನೇ ಮೊದಲು ಹಿಡಿದರು. ಪತ್ರಿಕೆಯಲ್ಲಿ ಫೋಟೋ ಬಂತು, ಕೈಪಿಡಿಯಾಯಿತು, ಎಲ್ಲರೂ ನಂಬಿದರು. ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಆ ಸಾಸಿವೆ ಗುಂಡು ಏನೆಂದು ಹೊಳೆಯಿತು. ಅವತ್ತಿನಿಂದ ಆ ತಟ್ಟೆ ಎಳೆಯಲು ಕೈ ಬರಲಿಲ್ಲ.

ಹೊಸ ಕ್ಯುರೇಟರ್ ಬರೆದ ಪತ್ರದ ಸುದ್ದಿಯನ್ನು ನಿರ್ದೇಶಕರೇ ನಗುತ್ತ ಅವರಿಗೆ ಹೇಳಿದ್ದರು. ಓದಲಾಗದ ನಾಣ್ಯ ಇಟ್ಟರೆ ತಪ್ಪಾಗಿ ಓದಿದ್ದೀರಿ ಎಂದು ಯಾರೂ ಹೇಳಲಾರರು, ಕಾಲಕ್ರಮೇಣ ಸವೆದಿದೆ ಎಂದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ್ದರು. ತಂಗಿಯ ಕುತ್ತಿಗೆಗೆ ಬರುತ್ತದೆಂದು ಹೊಳೆದಿರಲಿಲ್ಲ. ನಾಣ್ಯವನ್ನು ಕೆರೆಗೆ ಎಸೆಯಲು ಎರಡು ಸಲ ಹೋಗಿ, ಎಸೆಯಲಾರದೆ ವಾಪಸು ಬಂದಿದ್ದರು.

"ಆ ಅಕ್ಷರಗಳನ್ನ ಬೇಕು ಅಂತಲೇ ಕೊರೆದ್ರಾ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಅದನ್ನೇ ದಿನಾ ಮಸೂರ ಹಿಡಿದು ನೋಡ್ತಿದ್ದೆ. ಇದ್ದದ್ದನ್ನ ಓದಿದೆನೋ, ನಾನೇ ಬರೆದೆನೋ, ನನಗೇ ಗೊತ್ತಾಗಲಿಲ್ಲ."

ಸಂಜೆ ಐದೂ ಇಪ್ಪತ್ತಕ್ಕೆ ಕ್ಯುರೇಟರ್ ಫೋನ್ ಮಾಡಿದರು. ಪಂಚರ ಎದುರಿಗೇ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದರು. ಇನ್‌ಸ್ಪೆಕ್ಟರ್ ಕೇಳಿಸಿಕೊಂಡು ಫೋನ್ ಇಟ್ಟರು. ಮೇಷ್ಟ್ರು ಅವರ ಮುಖವನ್ನೇ ನೋಡುತ್ತಿದ್ದರು.

"ಏನು ಕಂಡಿತಂತೆ?"

ಇನ್‌ಸ್ಪೆಕ್ಟರ್‌ಗೆ ಸುತ್ತಿ ಬಳಸಿ ಹೇಳಲು ಬರುತ್ತಿರಲಿಲ್ಲ. "ಮೊದಲ ಮೂರು ಅಕ್ಷರ ಸೂಜಿದು ಮೇಷ್ಟ್ರೇ. ಅಡಿಯಲ್ಲಿ ಇದ್ದದ್ದು ಉಳಿದಿಲ್ಲ. ನೀರೊ ಅಂತ ಅವರ ಅಂದಾಜು, ಆದ್ರೆ ಅಕ್ಷರದಿಂದ ಇನ್ನು ಯಾರೂ ಹೇಳೋಕಾಗಲ್ಲವಂತೆ."

ಮೇಷ್ಟ್ರು ತಲೆಯಾಡಿಸಿದರು.

"ನಾಲ್ಕನೇದು?"

"ಅದು ಹಳೇದೇ ಅಂತೆ."

"ಓ," ಎಂದು ಮೇಷ್ಟ್ರು ಮೇಜಿನ ಮೇಲೆ ಬೆರಳಿನಿಂದ ಒಂದು ಸೊನ್ನೆ ಬರೆದರು. "ಅದನ್ನ ನಾನು ಸರಿಯಾಗಿ ಓದಿದ್ದೆ."

ಇದನ್ನೂ ಬರೆಯಬೇಕೋ ಬೇಡವೋ ಎಂದು ರೈಟರ್ ಪೆನ್ನು ಹಿಡಿದು ಮುಖ ನೋಡಿದ.

"ಬರಿ," ಎಂದರು ಇನ್‌ಸ್ಪೆಕ್ಟರ್.